ಕೆರೆ ಊರಿನ ಹಳೇ ವಾಡೆಯಲ್ಲಿ ಶನಿವಾರ ರಾತ್ರಿ: ಯಾವುದು ಮೊದಲು, ಯಾವುದು ಆಮೇಲೆ

ಹುಬ್ಬಳ್ಳಿ-ಧಾರವಾಡದಿಂದ ಗದಗ, ಹಾವೇರಿ ಕಡೆಯ ಕೆರೆ ಊರುಗಳಿಗೆ ಶನಿವಾರ ಹೊರಟವರಲ್ಲಿ ಬಹಳ ಜನ ಅದೇ ರಾತ್ರಿ ವಾಪಸ್ ಮನೆಗೆ ಬಂದು ಮಲಗುತ್ತಾರೆ. ಹಳೇ ವಾಡೆಯಲ್ಲಿ, ಅಂದರೆ ಹಳೇ ಮನೆತನದ ದೊಡ್ಡ ಮನೆಯಲ್ಲಿ, ಉಳಿಯಬೇಕು, ನಸುಕಿನಲ್ಲಿ ಎದ್ದು ಕೆರೆ ದಂಡೆಗೆ ಹೋಗಬೇಕು ಅಂತ ಆಸೆಯಿಂದ ಹೋಗಿರುತ್ತಾರೆ. ಅಲ್ಲಿ ನೋಡಿದರೆ ವಾಡೆಗೆ ಬೀಗ, ಐಬಿಯಲ್ಲಿ (ಸರ್ಕಾರಿ ಪ್ರವಾಸಿ ಮಂದಿರದಲ್ಲಿ) ಸಾಹೇಬರು, ಖಾನಾವಳಿ ಬಂದ್.

ಎಲ್ಲರೂ ಎಡವುವುದು ಒಂದೇ ಕಡೆ. ಹಗಲು ಏನೇನು ನೋಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ರಾತ್ರಿ ಎಲ್ಲಿ ಮಲಗಬೇಕು ಅನ್ನುವುದನ್ನು ‘ದಾರಿಯಲ್ಲಿ ಫೋನ್ ಮಾಡಿದರಾಯ್ತು’ ಅಂತ ಬಿಡುತ್ತಾರೆ. ಈ ಕ್ರಮ ತಿರುಗಿಸಿ. ರಾತ್ರಿಯದ್ದು ಮೊದಲು ಗಟ್ಟಿಯಾಗಲಿ, ಹಗಲು ಆಮೇಲೆ ತಾನಾಗಿ ಕೂಡಿಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಯಾವುದನ್ನೂ ಹಾರಿಸಬೇಡಿ.

## ಹಂತ 1: ಮೊದಲು ತಿಂಗಳು, ಜೊತೆಗೆ ಒಂದೇ ಒಂದು ಕೆರೆ

ಹಕ್ಕಿ ನೋಡುವ ಆಸೆ ಇದ್ದರೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವ ಕಾಲ ಅದು. ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ. ದೂರದ ಈ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ, ಸಿಕ್ಕಿದೆ. ಮಾರ್ಚ್ ದಾಟಿದ ಮೇಲೆ ಹೋಗಿ ‘ಹಕ್ಕಿಯೇ ಇಲ್ಲ’ ಅಂತ ಬೇಸರ ಮಾಡಿಕೊಂಡವರು ಸಾಕಷ್ಟು ಇದ್ದಾರೆ. ಅವು ಅಷ್ಟು ಹೊತ್ತಿಗೆ ಊರು ಬಿಟ್ಟಿರುತ್ತವೆ.

ಹಕ್ಕಿಗಿಂತ ಕಲ್ಲಿನ ಕೆಲಸ ಮತ್ತು ನೀರು ಎರಡೂ ಒಟ್ಟಿಗೆ ಬೇಕು ಅನ್ನುವವರಿಗೆ ಡಂಬಳ ಒಳ್ಳೆಯದು. ಗದಗದಿಂದ ಮುಂಡರಗಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಊರಿಗೆ ದೊಡ್ಡ ಕೆರೆ ಇದೆ, ನಕ್ಷತ್ರದ ಆಕಾರದಲ್ಲಿ ಕಟ್ಟಿದ ದೊಡ್ಡಬಸಪ್ಪ ಗುಡಿ ಇದೆ. ಹಾವೇರಿ ಕಡೆಯವರಿಗೆ ಹಾನಗಲ್ ಹತ್ತಿರ. ತಾರಕೇಶ್ವರ ಗುಡಿಯ ಕಮಲದ ಚಾವಣಿ ನೋಡಲು ಅರ್ಧ ದಿನ ಇಟ್ಟುಕೊಳ್ಳಿ.

ಮಾಗಡಿ ಮತ್ತು ಡಂಬಳ ಎರಡಕ್ಕೂ ಬೇರೆ ಬೇರೆ ರಸ್ತೆ. ಒಂದೇ ಬೆಳಗ್ಗೆ ಎರಡನ್ನೂ ಮುಗಿಸುವ ಆಸೆ ಬೇಡ. ಒಂದು ಆರಿಸಿ.

ಮಳೆಗಾಲದಲ್ಲಿ ಹಳೇ ಮನೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಭಾಗದ ಹಳೇ ಮನೆಗಳದ್ದು ಮಣ್ಣಿನ ಮಾಳಿಗೆ. ಜಂತಿ, ತೊಲೆ, ಅದರ ಮೇಲೆ ಮೇಲುಮುದ್ದೆ. ವರ್ಷ ವರ್ಷ ಮಣ್ಣು ಹಾಕಿ ಕುಟ್ಟದಿದ್ದರೆ ರಾತ್ರಿಯಿಡೀ ತಟಕ್ ತಟಕ್ ಅಂತ ಸೋರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣಿನ ಮನೆ ಒಳಗೆ ತಂಪಿರುತ್ತದೆ ನಿಜ. ಆದರೆ ಕೆರೆಯಲ್ಲಿ ನೀರೇ ಇರುವುದಿಲ್ಲ.

ಇನ್ನೊಂದು ಎಚ್ಚರ. ಎಳ್ಳ ಅಮಾವಾಸ್ಯೆ ಹತ್ತಿರದ ಶನಿವಾರ, ಭಾನುವಾರ ಬಿಡಿ. ಮನೆಯವರೆಲ್ಲ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ. ಬಾಗಿಲು ತೆರೆಯಲೂ ಯಾರೂ ಇರುವುದಿಲ್ಲ. ಊರ ಜಾತ್ರೆ ಯಾವಾಗ ಅನ್ನುವುದನ್ನೂ ಕೇಳಿಕೊಳ್ಳಿ.

## ಹಂತ 2: ಸೂರು ಯಾವ ಬಗೆಯದು ಅಂತ ತೀರ್ಮಾನಿಸಿ

ಇಲ್ಲಿ ಹಳೇ ತಂಗುದಾಣ ಅಂದರೆ ಮೂರು ಬಗೆ. ಮೂರಕ್ಕೂ ನಿಯಮ ಬೇರೆ. ಒಂದರ ನಿಯಮ ಇನ್ನೊಂದಕ್ಕೆ ಹಚ್ಚಿದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಮನೆತನದ ವಾಡೆ. ರಿಪೇರಿ ಮಾಡಿಸಿ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಮನೆಗಳು. ಇವು ಬೋರ್ಡ್ ಹಾಕಿಕೊಂಡಿರುವುದು ಕಡಿಮೆ. ಊರಿನ ಪರಿಚಯದವರ ಮೂಲಕ ಹುಡುಕುವುದೇ ಲೇಸು. ಬ್ಯಾಂಕಿನವರು, ಮಾಸ್ತರರು, ಅಂಚೆ ಕಚೇರಿಯವರು ಯಾರಾದರೂ ಒಬ್ಬರು ಸಿಕ್ಕರೆ ಸಾಕು.

ಐಬಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರ. ಹಳೇ ಕಾಲದ ಐಬಿಗಳಲ್ಲಿ ಎತ್ತರದ ಚಾವಣಿ, ಸುತ್ತ ವರಾಂಡ, ಹುಣಸೆ ಮರ, ಎಲ್ಲ ಚೆಂದ. ಆದರೆ ಕೆಲಸದ ಮೇಲೆ ಬರುವ ಅಧಿಕಾರಿಗಳಿಗೆ ಮೊದಲ ಹಕ್ಕು. ನಿಮಗೆ ಕೊಟ್ಟ ಕೋಣೆಯನ್ನು ಕೊನೇ ಗಳಿಗೆಯಲ್ಲಿ ವಾಪಸ್ ಕೇಳಬಹುದು. ಬಾಯಿಮಾತಿನ ಮೇಲೆ ಹೋಗಬೇಡಿ. ಇಲಾಖೆಯ ಕಚೇರಿಯಿಂದ ದಿನಾಂಕ ಹಾಕಿದ ಅನುಮತಿ ಚೀಟಿ ಪಡೆಯಿರಿ. ಚುನಾವಣೆ ಹತ್ತಿರ ಇದ್ದರೆ ಐಬಿ ಮರೆತುಬಿಡಿ.

ಮಠದ ಅಥವಾ ಗುಡಿಯ ಯಾತ್ರಿ ನಿವಾಸ, ಧರ್ಮಶಾಲೆ. ಸ್ವಚ್ಛ, ಅಗ್ಗ, ಊಟಕ್ಕೂ ಚಿಂತೆ ಇಲ್ಲ. ಮಾಂಸ, ಮದ್ಯ ಖಂಡಿತ ಇಲ್ಲ. ರಾತ್ರಿ ಗೇಟ್ ಎಷ್ಟಕ್ಕೆ ಹಾಕುತ್ತಾರೆ, ನಸುಕಿನಲ್ಲಿ ಎಷ್ಟಕ್ಕೆ ತೆಗೆಯುತ್ತಾರೆ ಅನ್ನುವ ಎರಡನ್ನು ತಪ್ಪದೆ ಕೇಳಿ. ಆರೂವರೆಗೆ ಗೇಟ್ ತೆಗೆಯುವ ಕಡೆ ಉಳಿದರೆ ಸೂರ್ಯ ಹುಟ್ಟುವ ಹೊತ್ತಿಗೆ ಕೆರೆ ಮುಟ್ಟಲು ಆಗುವುದಿಲ್ಲ.

ಮೂರೂ ಸಿಗದಿದ್ದರೆ ಗದಗದ ಲಾಡ್ಜಿನಲ್ಲಿ ಮಲಗಿ, ಬೆಳಗಿನ ಜಾವ ಐದಕ್ಕೆ ಕಾರು ತೆಗೆಯಿರಿ. ಇದೂ ಒಳ್ಳೆಯ ಯೋಜನೆಯೇ. ಕೆಟ್ಟ ವಾಡೆಗಿಂತ ಸಾದಾ ಲಾಡ್ಜ್ ಎಷ್ಟೋ ಮೇಲು.

ಜೊತೆಗೆ ಬರುವವರಲ್ಲಿ ಮಂಡಿನೋವಿನ ಹಿರಿಯರಿದ್ದರೆ ವಾಡೆಯ ಮಹಡಿ ಬೇಡ. ಕಟ್ಟಿಗೆಯ ಮೆಟ್ಟಿಲು ಬಲು ಕಡಿದಾಗಿರುತ್ತದೆ. ಕೆಳಗಿನ ಪಡಸಾಲೆಗೆ ಹತ್ತಿದ ಕೋಣೆಯನ್ನೇ ಕೇಳಿ.

## ಹಂತ 3: ಫೋನಿನಲ್ಲಿ ಕೇಳಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಬಾಡಿಗೆ ಎಷ್ಟು ಅಂತ ಕೇಳಿ ಫೋನ್ ಇಟ್ಟುಬಿಡುತ್ತಾರೆ. ಬಾಡಿಗೆ ಕೊನೆಗೆ ಕೇಳಿ.

ಮೊದಲು ನೀರು ಮತ್ತು ಶೌಚಾಲಯ. ನಾಚಿಕೆ ಬೇಡ, ನೇರವಾಗಿ ಕೇಳಿ: “ಅಕ್ಕಾರ, ಸಂಡಾಸ್ ಒಳಗ ಐತೇನ್ರಿ, ಹಿತ್ತಲದಾಗ ಐತೇನ್ರಿ? ರಾತ್ರಿ ನೀರ ಇರ್ತಾವೇನ್ರಿ?” “ಒಳಗ ಐತ್ರಿ, ಟಾಕಿ ತುಂಬಿಸಿ ಇಟ್ಟಿರ್ತೇವಿ” ಅಂದರೆ ಸರಿ. “ಬರ್ರಿ ಸರ, ಎಲ್ಲಾ ವ್ಯವಸ್ಥಾ ಐತಿ, ಬಂದ ಮ್ಯಾಲ ನೋಡೋಣಂತ” ಅಂದರೆ ಅದು ಎಚ್ಚರಿಕೆಯ ಗಂಟೆ. ವ್ಯವಸ್ಥೆ ಇದ್ದವರು ಏನೇನು ಇದೆ ಅಂತ ಹೇಳುತ್ತಾರೆ.

ಎರಡನೆಯದು ಬಿಸಿನೀರು. ಹಿತ್ತಲಲ್ಲಿ ಕಟ್ಟಿಗೆ ಒಲೆಯ ಹಂಡೆ ಇದ್ದರೆ ಏನೂ ತೊಂದರೆ ಇಲ್ಲ. ಕಾಯಲು ಹೊತ್ತು ಹಿಡಿಯುತ್ತದೆ, ಅಷ್ಟೇ. ಗ್ಯಾಸ್ ಗೀಸರ್ ಇದ್ದರೆ ಅದು ಎಲ್ಲಿ ಕೂತಿದೆ ಅಂತ ಕೇಳಲೇಬೇಕು. ಹಳೇ ಮನೆಗೆ ಹೊಸದಾಗಿ ಬಚ್ಚಲು ಕೂಡಿಸುವಾಗ ಸಣ್ಣ ಕತ್ತಲೆ ಕೋಣೆಗೇ ಗೀಸರ್ ತೂಗುಹಾಕುವುದುಂಟು. ಗಾಳಿ ಆಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಪ್ರಾಣ ಕಳೆದುಕೊಂಡದ್ದಿದೆ. ಗೀಸರ್ ಬಚ್ಚಲಿನ ಹೊರಗಿರಬೇಕು. ಒಳಗಿದ್ದರೆ ಅದನ್ನು ಮುಟ್ಟಬೇಡಿ, ಬಕೆಟ್‌ನಲ್ಲಿ ಬಿಸಿನೀರು ತರಿಸಿಕೊಳ್ಳಿ.

ಮೂರನೆಯದು ವಿಡಿಯೋ ಕಾಲ್. ಬರೀ ಫೋಟೋ ನಂಬಬೇಡಿ. ಫೋಟೋದಲ್ಲಿ ತಲೆಬಾಗಿಲ ಕೆತ್ತನೆ, ಅಂಗಳದ ರಂಗೋಲಿ ಇಷ್ಟೇ ಇರುತ್ತದೆ. ಓಣಿಯಿಂದ ಶುರು ಮಾಡಿ, ಬಾಗಿಲು ದಾಟಿ, ಪಡಸಾಲೆ, ಕೋಣೆ, ಬಚ್ಚಲು, ಹೀಗೆ ನಡೆದುಕೊಂಡೇ ತೋರಿಸಲು ಹೇಳಿ. ನಡುವೆ ಕಾಲ್ ಕಟ್ ಆಗಿ ಒಂದೊಂದೇ ಕೋಣೆ ತೋರಿಸಿದರೆ ಅನುಮಾನ ಪಡಬೇಕು.

ಆ ವಿಡಿಯೋದಲ್ಲಿ ಗೋಡೆಯ ಬುಡ ನೋಡಿ. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿ ಪೇಂಟ್ ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಕೆರೆ ಹತ್ತಿರದ ಊರಿನಲ್ಲಂತೂ ನೆಲದಿಂದ ತೇವ ಏರುವುದು ಜಾಸ್ತಿ. ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಸಿಪ್ಪೆ ಎದ್ದು, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಅದು ರಿಪೇರಿ ಅಲ್ಲ, ಮೇಲೆ ಬಳಿದ ಬಣ್ಣ. ದಮ್ಮು, ಅಲರ್ಜಿ ಇದ್ದವರು ಅಂಥ ಕೋಣೆಯಲ್ಲಿ ರಾತ್ರಿ ಕಳೆಯಬಾರದು.

## ಹಂತ 4: ಮುಂಗಡ, ಚೀಟಿ, ಗುರುತಿನ ಕಾಗದ

ಪೂರ್ತಿ ದುಡ್ಡು ಮೊದಲೇ ಹಾಕಬೇಡಿ. ಸ್ವಲ್ಪ ಮುಂಗಡ ಸಾಕು. ಯುಪಿಐ ಮಾಡುವಾಗ ಪರದೆಯ ಮೇಲೆ ಬರುವ ಹೆಸರು, ನೀವು ಮಾತಾಡಿದವರ ಹೆಸರು ಎರಡೂ ತಾಳೆ ಆಗಬೇಕು. ಆಗದಿದ್ದರೆ ಯಾಕೆ ಅಂತ ಕೇಳಿ, ಉತ್ತರ ಸರಿ ಅನ್ನಿಸದಿದ್ದರೆ ನಿಲ್ಲಿಸಿ.

ದುಡ್ಡು ಹಾಕಿದ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಸಂದೇಶ ನೀವೇ ಬರೆದು ಕಳಿಸಿ: ಯಾವ ತಾರೀಕು, ಎಷ್ಟು ಜನ, ಎಷ್ಟು ಕೋಣೆ, ಊಟ ಎಷ್ಟು ಹೊತ್ತಿನದ್ದು, ಉಳಿದ ಬಾಕಿ ಎಷ್ಟು. ಅವರು ‘ಹೂಂ’ ಅಂತ ಉತ್ತರ ಕೊಟ್ಟರೆ ಸಾಕು. ಆಮೇಲೆ ಜಗಳವಿಲ್ಲ.

ದೊಡ್ಡವರೆಲ್ಲರ ಗುರುತಿನ ಚೀಟಿಯ ಝೆರಾಕ್ಸ್ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಮನೆಯವರಿಗೆ ಮೊದಲೇ ತಿಳಿಸಬೇಕು. ಅಂಥವರನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು (ಮೊದಲು ಇದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು). ಇದು ಗೊತ್ತಿಲ್ಲದ ಸಣ್ಣ ಮನೆಗಳೇ ಹೆಚ್ಚು, ಗೊತ್ತಾದಾಗ ಗಾಬರಿಯಾಗಿ ಕೋಣೆ ಇಲ್ಲ ಅಂದುಬಿಡುತ್ತಾರೆ.

## ಹಂತ 5: ಊಟವನ್ನು ಶುಕ್ರವಾರವೇ ಹೇಳಿಡಿ

ಸಣ್ಣ ಊರಿನ ಖಾನಾವಳಿ ರಾತ್ರಿ ಎಂಟೂವರೆ, ಒಂಬತ್ತಕ್ಕೆಲ್ಲ ಮುಚ್ಚುತ್ತದೆ. ಎಂಟು ಜನ ಏಕಾಏಕಿ ಹೋಗಿ ನಿಂತರೆ ರೊಟ್ಟಿ ಎಲ್ಲಿಂದ ಬರಬೇಕು? ಜೋಳದ ರೊಟ್ಟಿಯನ್ನು ಒಂದೊಂದೇ ಬಡಿಯಬೇಕು. ಶುಕ್ರವಾರ ಸಂಜೆಯೊಳಗೆ ಎಷ್ಟು ಜನ, ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ, ಖಾರ ಎಷ್ಟು ಅಂತ ಹೇಳಿಬಿಡಿ.

ಎಣ್ಣೆಗಾಯಿ, ಜುಣಕ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಮೊಸರು ಇಷ್ಟು ಕೇಳಿ. ಪನೀರ್ ಕೇಳಬೇಡಿ. ಮನೆಯವರು ದಿನಾ ಮಾಡುವುದನ್ನೇ ಮಾಡಿಸಿದರೆ ರುಚಿ, ಸಮಯ ಎರಡೂ ಸರಿ ಬರುತ್ತವೆ. ಭಾನುವಾರ ನಸುಕಿಗೆ ಚಹಾ ಬೇಕು ಅನ್ನುವುದನ್ನೂ ಇದೇ ಮಾತಿನಲ್ಲಿ ಸೇರಿಸಿ. ಅವರಿಗೆ ಆಗದಿದ್ದರೆ ಥರ್ಮಾಸ್ ತರಬಹುದು.

## ಹಂತ 6: ಚೀಲದಲ್ಲಿ ಏನಿರಬೇಕು

- ಸ್ವಂತ ಬೀಗ. ಹಳೇ ಬಾಗಿಲಿಗೆ ಚಿಲಕ, ಕೊಂಡಿ ಇರುತ್ತದೆ, ಬೀಗ ಇರುವುದಿಲ್ಲ. ಉದ್ದ ಕೊಕ್ಕೆಯ ಬೀಗ ತನ್ನಿ, ಗಿಡ್ಡದ್ದು ಹಳೇ ಕೊಂಡಿಗೆ ಕೂರುವುದಿಲ್ಲ.
- ಬ್ಯಾಟರಿ. ಮೊಬೈಲ್ ಬೆಳಕು ಸಾಲದು. ಕರೆಂಟ್ ಹೋದರೆ ಹಿತ್ತಲಿಗೆ ಹೋಗಲು ಬೇಕೇ ಬೇಕು.
- ಸೊಳ್ಳೆ ಪರದೆ ಮತ್ತು ನಾಲ್ಕು ಮೊಳ ಹಗ್ಗ. ಕೆರೆ ಊರು ಅಂದ ಮೇಲೆ ಸೊಳ್ಳೆ ಇದ್ದದ್ದೇ.
- ಸಣ್ಣ ನೋಟುಗಳು. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ಕೆಲಸ ಮಾಡುವುದಿಲ್ಲ.
- ಬೈನಾಕ್ಯುಲರ್. 8×42 ಅಂತ ಬರೆದದ್ದು ಸಾಕು. ಸಾಲ ತಂದರೂ ಸರಿ, ಇಲ್ಲದೆ ಹೋಗಬೇಡಿ.
- ಸ್ವೆಟರ್, ಮಾಸಲು ಬಣ್ಣದ ಅಂಗಿ. ಬಿಳಿ, ಕೆಂಪು ಬಟ್ಟೆ ಕಂಡರೆ ಹಕ್ಕಿ ದೂರ ಸರಿಯುತ್ತವೆ.

ಸ್ಪೀಕರ್, ಡ್ರೋನ್ ಮನೆಯಲ್ಲೇ ಇರಲಿ.

## ಹಂತ 7: ಮಧ್ಯಾಹ್ನ ನಾಲ್ಕರೊಳಗೆ ಮನೆ ಮುಟ್ಟಿ

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ. ಬಸ್ಸು, ರೈಲು ಎರಡೂ ಇವೆ. ಡಂಬಳಕ್ಕೆ ಗದಗದಿಂದ ಮುಂಡರಗಿ ಬಸ್ಸು ಹತ್ತಿ. ಮಾಗಡಿ ಕಡೆಯಾದರೆ ಹುಬ್ಬಳ್ಳಿಯಿಂದ ಕುಂದಗೋಳ, ಲಕ್ಷ್ಮೇಶ್ವರದ ದಾರಿಯೂ ಇದೆ. ದಾರಿಯಲ್ಲಿ ಗಿರ್ಮಿಟ್, ಮಿರ್ಚಿ ತಿನ್ನಲು ನಿಲ್ಲಿ, ಆದರೆ ಗುಡಿ ನೋಡಲು ನಿಲ್ಲಬೇಡಿ. ಗುಡಿಗಳು ಭಾನುವಾರಕ್ಕೆ.

ಬೆಳಕಿರುವಾಗಲೇ ಮನೆ ನೋಡಬೇಕು, ಅದಕ್ಕೇ ನಾಲ್ಕು ಗಂಟೆ. ಚೀಲ ಇಳಿಸುವ ಮೊದಲು ಈ ಕ್ರಮದಲ್ಲಿ ಒಂದು ಸುತ್ತು ಹಾಕಿ.

ತಲೆ ಎತ್ತಿ ತೊಲೆ ನೋಡಿ. ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಮಣ್ಣಿನ ಗೆರೆಗಳಿದ್ದರೆ ಗೆದ್ದಲು. ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಕಟ್ಟಿಗೆ ಪುಡಿ ಬಿದ್ದಿದ್ದರೆ ಹುಳ ಇನ್ನೂ ಕೊರೆಯುತ್ತಿದೆ ಅಂತ ಅರ್ಥ. ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಕಟ್ಟಿಗೆ ‘ಟಕ್’ ಅನ್ನುತ್ತದೆ, ತಿಂದುಹೋದದ್ದು ಪೊಳ್ಳು ಸದ್ದು ಮಾಡುತ್ತದೆ. ತೊಲೆ ನಡುವೆ ಜೋತಿದ್ದರೆ, ಹೊಸ ಕಬ್ಬಿಣದ ಪೈಪ್ ಆಸರೆ ಕೊಟ್ಟಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಬೇರೆ ಕೋಣೆ ಕೇಳಿ, ಇಲ್ಲವಾದರೆ ಮುಂಗಡ ಹೋದರೂ ಸರಿ, ಗದಗದ ಲಾಡ್ಜಿಗೆ ನಡೆಯಿರಿ. ನಾಲ್ಕಕ್ಕೆ ಬಂದವರಿಗೆ ಇದು ಸಾಧ್ಯ, ಎಂಟಕ್ಕೆ ಬಂದವರಿಗೆ ಅಲ್ಲ.

ಆಮೇಲೆ ಸ್ವಿಚ್ ಬೋರ್ಡ್. ಎಳೆದು ತಂದ ಒಂದೇ ವೈರಿಗೆ ಫ್ಯಾನು, ಹೀಟರ್, ಚಾರ್ಜರ್ ಎಲ್ಲ ಕೂಡಿಸಿದ್ದರೆ ನೀರು ಕಾಯಿಸುವ ರಾಡ್ ಹಾಕಬೇಡಿ. ಹಾಸಿಗೆ ಎತ್ತಿ ಒಮ್ಮೆ ಝಾಡಿಸಿ, ಕಲ್ಲಿನ ಸಂದಿಯಲ್ಲಿ ಚೇಳು ಇರುತ್ತವೆ. ರಾತ್ರಿ ಚಪ್ಪಲಿಯನ್ನೂ ಝಾಡಿಸಿಯೇ ಹಾಕಿಕೊಳ್ಳಿ.

ಹಿತ್ತಲಲ್ಲಿ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಅಥವಾ ಬಾವಿ ಇದೆಯಾ ಅಂತ ಕೇಳಿ. ಹಗೇವಿನ ಬಾಯಿ ಕಲ್ಲು ಮುಚ್ಚಿದ್ದರೂ ಮಕ್ಕಳನ್ನು ಅದರ ಮೇಲೆ ಆಡಲು ಬಿಡಬೇಡಿ.

## ಹಂತ 8: ರಾತ್ರಿ

ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಮೊದಲ ದಿನ ಹಣೆಗೆ ಪೆಟ್ಟು ತಿನ್ನದವರು ಕಡಿಮೆ. ಬಾಗಿಲ ಚೌಕಟ್ಟಿಗೆ ಬಿಳಿ ಕರವಸ್ತ್ರ ಕಟ್ಟಿ, ಕತ್ತಲಲ್ಲೂ ಕಾಣುತ್ತದೆ.

ಮಹಡಿಯ ಕಟ್ಟಿಗೆ ನೆಲದ ಮೇಲೆ ಎಲ್ಲರೂ ಒಂದೇ ಕಡೆ ಕೂತು ಹರಟೆ ಬೇಡ. ಹರಟೆಗೆ ಕೆಳಗಿನ ಕಟ್ಟೆ ಇದೆಯಲ್ಲ. ಗೋಡೆಗೆ ಮೊಳೆ ಹೊಡೆಯಬೇಡಿ, ಗಾರೆ ಒಮ್ಮೆ ಎದ್ದರೆ ತೇಪೆ ಹಾಕಲು ಕೆಲಸಗಾರರು ಸಿಗುವುದೇ ಕಷ್ಟ.

ಡಿಸೆಂಬರ್ ಚಳಿಯಲ್ಲಿ ಕೆಂಡದ ಶೇಗಡಿ ಕೋಣೆಯೊಳಗೆ ತಂದಿಟ್ಟುಕೊಂಡು ಬಾಗಿಲು ಹಾಕಿ ಮಲಗುವವರಿದ್ದಾರೆ. ಇದು ಗ್ಯಾಸ್ ಗೀಸರಿನಷ್ಟೇ ಅಪಾಯ. ಮಣ್ಣಿನ ದಪ್ಪ ಗೋಡೆಗೆ ಕಿಟಕಿ ಕಡಿಮೆ, ಇರುವ ಬೆಳಕಿಂಡಿಯನ್ನೂ ಚಳಿಗೆ ಮುಚ್ಚಿರುತ್ತಾರೆ. ತಲೆನೋವು, ತಲೆಸುತ್ತು, ಓಕರಿಕೆ ಒಟ್ಟೊಟ್ಟಿಗೆ ಇಬ್ಬರಿಗೆ ಬಂದರೆ ಊಟದ ದೋಷ ಅಂತ ಕೂರಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ.

## ಹಂತ 9: ನಸುಕಿನ ಕೆರೆ

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6:45ರಿಂದ 7ರ ನಡುವೆ. ಅದಕ್ಕೆ ಅರ್ಧ ಗಂಟೆ ಮೊದಲು ದಂಡೆಯಲ್ಲಿರಬೇಕು. ಕಾರನ್ನು ದೂರ ನಿಲ್ಲಿಸಿ ನಡೆದು ಹೋಗಿ. ಸೂರ್ಯ ಬೆನ್ನಿಗಿರುವ ಹಾಗೆ ನಿಲ್ಲಿ, ಇಲ್ಲದಿದ್ದರೆ ಹಕ್ಕಿ ಬರೀ ಕಪ್ಪು ಚುಕ್ಕೆ.

ಹೆಬ್ಬಾತು ಗುರುತಿಸುವುದು ಸುಲಭ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಇವು ಮುಖ್ಯವಾಗಿ ಹುಲ್ಲು, ಕಾಳು ತಿನ್ನುವ ಹಕ್ಕಿ. ಮೇಯಲು ಸುತ್ತಲಿನ ಹೊಲಗಳಿಗೆ ಹೋಗಿ ಬರುತ್ತಿರುತ್ತವೆ. ಆದ್ದರಿಂದ ಕೆರೆ ಖಾಲಿ ಕಂಡರೆ ತಕ್ಷಣ ಹೊರಡಬೇಡಿ. ಒಂದೆರಡು ಗಂಟೆ ಸುಮ್ನೆ ಕೂತಿರಿ. ಮೊದಲು ಆಕಾಶದಲ್ಲಿ ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಹಾರಿಸಿ ಫೋಟೋ ತೆಗೆಯಲು ಕಲ್ಲು ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವಕ್ಕೆ ಒಂದೊಂದು ಹಾರಾಟವೂ ದುಬಾರಿ.

ನೀರಿಗೆ ಇಳಿಯಬೇಡಿ. ದಂಡೆಯಲ್ಲಿ ಮೊಣಕಾಲು ಮಟ್ಟ ಅನ್ನಿಸುತ್ತದೆ. ಹೂಳೆತ್ತುವಾಗ, ಹೊಲಕ್ಕೆ ಮಣ್ಣು ಒಯ್ಯುವಾಗ ತೋಡಿದ ಗುಂಡಿಗಳು ಕೆರೆ ತುಂಬಿದ ಮೇಲೆ ಕಾಣುವುದಿಲ್ಲ. ಎರಡು ಹೆಜ್ಜೆಗೆ ಕಾಲು ಆಧಾರ ತಪ್ಪುತ್ತದೆ, ಕೆಳಗಿನ ಹೂಳು ಹಿಡಿದುಕೊಳ್ಳುತ್ತದೆ. ಈಜು ಬಲ್ಲವರೂ ಇಂಥ ಗುಂಡಿಗಳಲ್ಲಿ ಮುಳುಗಿದ್ದಾರೆ.

ಹಿಂದಿನ ದಿನ ಅಕಾಲದ ಮಳೆ ಬಿದ್ದಿದ್ದರೆ ಡಾಂಬರು ರಸ್ತೆ ಬಿಟ್ಟು ಕಾರು ಇಳಿಸಬೇಡಿ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

## ಹಂತ 10: ಬಿಡುವ ಮುನ್ನ, ಮತ್ತು ವಾಪಸ್ ದಾರಿ

ಒಂಬತ್ತೂವರೆಗೆ ಮನೆಗೆ ಬಂದು ತಿಂಡಿ, ಸ್ನಾನ. ಬಾಕಿ ದುಡ್ಡು ಕೊಡುವಾಗ ಅಡುಗೆ ಮಾಡಿದ ಅಕ್ಕನಿಗೆ ಬೇರೆಯಾಗಿ ಅವರ ಕೈಗೇ ಕೊಡಿ. ಮನೆಯ ಯಜಮಾನರಿಗೆ ಕೊಟ್ಟದ್ದು ಅವರಿಗೆ ಮುಟ್ಟಿತೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಸೋರಿದ್ದು, ಸಡಿಲವಾದ ವೈರು, ಗೀಸರಿನ ಜಾಗ ಏನೇ ಕಂಡಿದ್ದರೂ ಎದುರಿಗೇ ಹೇಳಿ. ಹಳೇ ಮನೆ ಉಳಿಸಿಕೊಳ್ಳಲು ಹೆಣಗುತ್ತಿರುವವರಿಗೆ ಆ ಮಾತು ಬೇಕು.

ಹನ್ನೊಂದರ ಮೇಲೆ ಗುಡಿಗಳು. ಗದಗದಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ಎರಡೂ ಇವೆ. ಪೂಜೆ ನಡೆಯುವ ಗುಡಿಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುವುದು ರೂಢಿ, ಆದ್ದರಿಂದ ಇವು ಮೊದಲು. ಆಮೇಲೆ ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ, ಈ ಮೂರನ್ನು ನಿಧಾನಕ್ಕೆ ನೋಡಿ. ಬಾವಿಯ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಮಕ್ಕಳ ಕೈ ಹಿಡಿದೇ ಇಳಿಸಿ.

ಬಸ್ಸಿನಲ್ಲಿ ಬಂದವರು ನಾಲ್ಕರೊಳಗೆ ಗದಗ ಬಿಡಿ. ಭಾನುವಾರ ಸಂಜೆ ಊರಿಗೆ ಬಂದ ಕಾಲೇಜು ಹುಡುಗರೆಲ್ಲ ರೊಟ್ಟಿ ಗಂಟು ಕಟ್ಟಿಕೊಂಡು ಧಾರವಾಡಕ್ಕೆ ವಾಪಸ್ ಹೊರಟಿರುತ್ತಾರೆ. ಐದರ ಮೇಲೆ ಸೀಟು ಸಿಗುವುದಿಲ್ಲ.